ಐನೂರು ಗ್ಯಾಲನ್ ಚಳಿ

ನಮ್ಮ ಅಣ್ಣನ ಮಗ ಇರುವುದು ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಹಳ್ಳಿಯಲ್ಲಿ. ಅಮೆರಿಕದಲ್ಲೂ ಹಳ್ಳಿ ಇದೆ, ಅಲ್ಲಿಗೂ ತೀರ್ಥಹಳ್ಳಿ ಕಡೆಯವರು ಹೋಗಿ ಸೇರಿಕೊಳ್ಳುತ್ತಾರೆ ಅನ್ನುವುದು ಅವನು ಮನೆ ತಗೊಂಡ ಮೇಲೆಯೇ ನಮಗೆ ಗೊತ್ತಾದದ್ದು. ವೀಡಿಯೊ ಕಾಲ್‌ನಲ್ಲಿ ಮನೆ ತೋರಿಸುತ್ತಾ ತೋರಿಸುತ್ತಾ ಹಿತ್ತಿಲಿಗೆ ಬಂದ. ಹಿಮದ ಮಧ್ಯೆ ಉದ್ದಕ್ಕೆ ಬೆಳ್ಳಗೆ ಏನೋ ಬಿದ್ದುಕೊಂಡಿತ್ತು.

"ಅದೆಂತದಾ, ಎಮ್ಮೆ ಮಲಗಿದಂಗೆ ಕಾಣ್ತದೆ?" ಅಂದಳು ಅಮ್ಮ.

"ಗ್ಯಾಸ್ ಟ್ಯಾಂಕ್ ಅಜ್ಜಿ. ಮನೆ ಬೆಚ್ಚಗಿಡೋಕೆ. ಐನೂರು ಗ್ಯಾಲನ್."

ಅಮ್ಮನಿಗೆ ಗ್ಯಾಲನ್ ಗೊತ್ತಿಲ್ಲ, ಸಿಲಿಂಡರ್ ಗೊತ್ತು. ಹಾಗಾಗಿ ಲೆಕ್ಕ ನನ್ನ ಕೊರಳಿಗೆ ಬಿತ್ತು. ಟ್ಯಾಂಕನ್ನು ಬಾಯಿಮಟ್ಟ ತುಂಬುವ ಹಾಗಿಲ್ಲವಂತೆ. ಬಿಸಿಲಿಗೆ ಒಳಗಿನ ದ್ರವ ಹಿಗ್ಗುತ್ತದೆ, ಅದಕ್ಕೆ ಶೇ. 80ಕ್ಕೆ ನಿಲ್ಲಿಸುತ್ತಾರೆ. ಅಲ್ಲಿಗೆ 400 ಗ್ಯಾಲನ್. ಗ್ಯಾಲನ್ನಿಗೆ ಸುಮಾರು 1.9 ಕೆಜಿ ಪ್ರೊಪೇನ್ ಗ್ಯಾಸ್ ಅಂದರೆ 760 ಕೆಜಿ. ನಮ್ಮ ಅಡುಗೆಮನೆಯ ಕೆಂಪು ಸಿಲಿಂಡರಿನಲ್ಲಿ ಇರುವುದು 14.2 ಕೆಜಿ. ಭಾಗಿಸಿದರೆ 53 ಸಿಲಿಂಡರ್, ಮೇಲೆ ಒಂದಿಷ್ಟು ಚೂರು.

"ಐವತ್ಮೂರು ಸಿಲಿಂಡರಾ! ಒಬ್ಬರ ಹೆಸರಲ್ಲಿ! ಕೆವೈಸಿ ಕೇಳಲ್ವಂತಾ?" ಅಂತ ಒಳಗಿನಿಂದ ನನ್ನ ಹೆಂಡತಿ ಬಂದಳು. ಅವಳ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಗ್ಯಾಸಿನ ಗಾಡಿ ಮನೆ ಬಾಗಿಲಿಗೆ ಬರುವುದಿಲ್ಲ. ಬರುವ ದಿನ ಟಾರು ರಸ್ತೆಯ ತಿರುವಿನಲ್ಲಿ ನಿಂತು ಹಾರ್ನ್ ಹೊಡೆಯುತ್ತದೆ. ಆ ಹಾರ್ನ್ ಕೇಳಿದ ತಕ್ಷಣ ತೋಟದಲ್ಲಿದ್ದವನು, ಬಚ್ಚಲಲ್ಲಿದ್ದವನು ಎಲ್ಲರೂ ಖಾಲಿ ಸಿಲಿಂಡರ್ ಹೊತ್ತು ಓಡಬೇಕು. ತಪ್ಪಿದರೆ ಮುಂದಿನ ವಾರ. ಮಳೆಗಾಲದಲ್ಲಿ ಮುಂದಿನ ವಾರ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ, ಧರೆ ಕುಸಿದರೆ ಅದರ ಮುಂದಿನ ವಾರ.

ಅಲ್ಲಿ ಲಾರಿಯೇ ಮನೆಗೆ ಬರುತ್ತದೆ, ಉದ್ದನೆ ಪೈಪು ಎಳೆದು ಟ್ಯಾಂಕಿಗೆ ತುಂಬಿಸಿ ಹೋಗುತ್ತದೆ. ಕರೆಯುವುದೂ ಬೇಡವಂತೆ. ದಿನದ ಸರಾಸರಿ ಉಷ್ಣತೆ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿದೆಯೋ ಅಷ್ಟು ಅಂಕ ಅಂತ ಗ್ಯಾಸಿನವರು ದಿನಾ ಬರೆದಿಟ್ಟುಕೊಳ್ಳುತ್ತಾರೆ. 25 ಡಿಗ್ರಿ ಇದ್ದರೆ 40 ಅಂಕ. ಹಾಗೆ ಕೂಡುತ್ತಾ ಹೋಗಿ, ಇಂಥವರ ಟ್ಯಾಂಕು ಇಷ್ಟು ಹೊತ್ತಿಗೆ ಖಾಲಿಯಾಗುತ್ತಾ ಬಂದಿರಬೇಕು ಅಂತ ಅಂದಾಜು ಮಾಡಿ ಲಾರಿ ಹೊರಡಿಸುತ್ತಾರೆ. ಚಳಿಗೂ ಖಾತೆ ಬರೆಯುವ ಗುಮಾಸ್ತರಿದ್ದಾರೆ ಅಂತ ಕೇಳಿ ಅಮ್ಮನಿಗೆ ಆ ದೇಶದ ಮೇಲೆ ಗೌರವ ಬಂತು.

ಆ ಗೌರವ ಬಿಲ್ಲಿನ ವಿಷಯ ಬರುವವರೆಗೆ ಉಳಿಯಿತು. ಗ್ಯಾಲನ್ನಿಗೆ 3 ಡಾಲರ್ ಅಂತ ಹಿಡಿದರೂ ಒಂದು ಸಲ ತುಂಬಿಸಲು 1,200 ಡಾಲರ್. ನಮ್ಮ ದುಡ್ಡಿನಲ್ಲಿ ಲಕ್ಷ ದಾಟಿತು. ಒಂದು ಚಳಿಗಾಲಕ್ಕೆ ಒಂದು ಸಲ ಸಾಲುವುದಿಲ್ಲ. ಟ್ಯಾಂಕು ಕಂಪನಿಯದ್ದು, ಬಾಡಿಗೆಗೆ ಇಟ್ಟದ್ದು. ಹಾಗಾಗಿ ಪಕ್ಕದ ಊರಿನಲ್ಲಿ ದರ ಕಮ್ಮಿ ಇದ್ದರೂ ಬೇರೆಯವರು ಅದಕ್ಕೆ ಪೈಪು ಹಚ್ಚುವ ಹಾಗಿಲ್ಲ. ಬೇಸಿಗೆಯಲ್ಲೇ ಮುಂಗಡ ಕಟ್ಟಿ ದರ ಗೊತ್ತು ಮಾಡಿಕೊಳ್ಳಬಹುದು, ಆಮೇಲೆ ದರ ಇಳಿದರೆ ಹೊಟ್ಟೆ ಉರಿದುಕೊಳ್ಳಬೇಕು. ಅಡಿಕೆ ಮಂಡಿಗೆ ಹೋಗಿ ಬಂದವರಿಗೆ ಈ ಉರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಟ್ಯಾಂಕಿನವರೆಗೆ ಹಿಮ ಗೋರಿ ದಾರಿ ಮಾಡಿಡುವುದು ಮನೆಯವರ ಕೆಲಸ. ಮಾಡಿರದಿದ್ದರೆ ಲಾರಿಯವನು ಹಿಂದಕ್ಕೆ ತಿರುಗಿಸಿಕೊಂಡು ಹೋಗುತ್ತಾನೆ. ಅಂತೂ ಹಾರ್ನ್ ಕೇಳಿ ಓಡುವುದಕ್ಕೂ ಬೆಳಗಿನ ಜಾವ ಎದ್ದು ಹಿಮ ಗೋರುವುದಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ.

"ಎರಡು ಕ್ವಿಂಟಾಲ್ ರಾಶಿ ಇಡಿ ಅಡಿಕೆ ಒಂದೇ ಸಲಕ್ಕೆ ಹೊಗೆ ಮಾಡ್ತಾನಲ್ಲಾ ಇವ!" ಅಂದಳು ಅಮ್ಮ. ಅವಳಿಗೆ ಎಲ್ಲ ದುಡ್ಡೂ ಕೊನೆಗೆ ಅಡಿಕೆಗೆ ಬಂದು ನಿಲ್ಲಬೇಕು.

ಇಷ್ಟು ಖರ್ಚು ಮಾಡಿ ಮನೆಯೊಳಗೆ ಅವರು ಬನಿಯನ್ನಿನಲ್ಲಿ ಓಡಾಡುತ್ತಾರೇನೋ ಅಂದುಕೊಂಡರೆ ಅದೂ ಇಲ್ಲ. ಬಿಲ್ಲಿಗೆ ಹೆದರಿ 18 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ. ಅವನ ಹೆಂಡತಿ ಗೋಡೆಯ ಗುಂಡಿ ಒಂದು ಡಿಗ್ರಿ ಏರಿಸುವುದು, ಅವಳು ಅತ್ತ ಹೋದ ಮೇಲೆ ಇವನು ಇಳಿಸುವುದು. ಅವರ ಸಂಸಾರದ ಜಗಳಗಳಲ್ಲಿ ಇದೊಂದೇ ನಮಗೆ ಗೊತ್ತಾಗಿರುವುದು. ಮಗಳು ಬಾಯಿ ಬಿಟ್ಟಿದ್ದರಿಂದ.

ಇಂಥವನು ಮಗಳಿಗೆ ರಜೆ ಅಂತ ಜುಲೈನಲ್ಲಿ ಊರಿಗೆ ಬಂದ. ಪುನರ್ವಸು ಮಳೆ. ನಮ್ಮ ಮನೆ ತೀರ್ಥಹಳ್ಳಿಗೂ ಆಗುಂಬೆಗೂ ನಡುವೆ. ಆಗುಂಬೆಯ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಆಗಸ್ಟ್‌ವರೆಗೇ ಬೀಳುತ್ತದೆ. ನಮ್ಮ ಪಾಲಿನದ್ದನ್ನೂ ಅದು ಉಳಿಸಿಕೊಳ್ಳುವುದಿಲ್ಲ. ಹೊರಗೆ 21 ಡಿಗ್ರಿ. ಸೊನ್ನೆಗಿಂತ ಕೆಳಗೆ 20 ಡಿಗ್ರಿಯಲ್ಲಿ ಹಿಮ ಗೋರುವ ಗಂಡಸು ನಮ್ಮ ಜಗಲಿಯಲ್ಲಿ ಕಂಬಳಿ ಹೊದ್ದು ಹಲ್ಲು ಕಟಕಟ ಅನ್ನಿಸತೊಡಗಿದ.

"ಚಿಕ್ಕಪ್ಪ, ಅಲ್ಲಿ ಚಳಿ ಹೊರಗಿರ್ತದೆ. ಇಲ್ಲಿ ಒಳಗೇ ಬಂದು ಕೂತಿದೆಯಲ್ಲ!"

ಅವನು ಹೇಳಿದ್ದು ಸುಳ್ಳಲ್ಲ. ಹೆಂಚಿನ ಮನೆ, ತಂಡಿ ಹಿಡಿದ ನೆಲ, ಹಾಸಿಗೆಗೆ ಮೈ ಚಾಚಿದರೆ ಯಾರೋ ಆಗಷ್ಟೇ ಒದ್ದೆ ಟವೆಲ್ ತೆಗೆದಿದ್ದಾರೆ ಅನ್ನಿಸುತ್ತದೆ. ಬೆಂಕಿಪೊಟ್ಟಣ ಗೀರಿದರೆ ಮದ್ದು ಉದುರುತ್ತದೆ. ಉಪ್ಪಿನ ಭರಣಿಯಲ್ಲಿ ಉಪ್ಪು ಹುಡುಕಬೇಕು. ಅವನ ಚರ್ಮದ ಬೆಲ್ಟಿಗೆ ಹಸಿರು ಬೂಷ್ಟು ಬಂತು, ಆಮೇಲೆ ಸೂಟ್‌ಕೇಸಿಗೆ. ಮಗಳ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದ್ದು ಒಣಗುವುದಿರಲಿ, ದಿನ ಹೋದಷ್ಟೂ ಭಾರವಾಗುತ್ತಾ ಹೋಯಿತು.

ಇಂಜಿನಿಯರ್ ಸುಮ್ಮನೆ ಕೂರುತ್ತಾನೆಯೇ? ಶಿವಮೊಗ್ಗಕ್ಕೆ ಹೋಗಿ ಒಂದು ಗ್ಯಾಸ್ ರೂಮ್ ಹೀಟರ್ ಹೊತ್ತು ತಂದ. ಚಕ್ರ ಇರುವ ಡಬ್ಬಿ, ಹಿಂದುಗಡೆ ಸಿಲಿಂಡರ್ ಕೂರಲು ಜಾಗ, ಮುಂದೆ ಜಾಲರಿ. ಹಚ್ಚಿದರೆ ಜಾಲರಿ ಕೆಂಪಗಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇಂಥದ್ದನ್ನು ಕೇಳಿಕೊಂಡು ಬಂದವನು ಸಿಕ್ಕಿದನಲ್ಲ ಅಂತ ಅಂಗಡಿಯವನಿಗೆ ಎಷ್ಟು ಸಂತೋಷವಾಯಿತೆಂದರೆ ರೆಗ್ಯುಲೇಟರ್ ಪೈಪು ಪುಕ್ಕಟೆ ಕೊಟ್ಟನಂತೆ.

ಖರ್ಚಿನ ಲೆಕ್ಕವನ್ನೂ ಅವನೇ ಒಪ್ಪಿಸಿದ. ನಾಲ್ಕು ಕಿಲೋವ್ಯಾಟಿನ ಹೀಟರ್ ಗಂಟೆಗೆ ಸುಮಾರು 300 ಗ್ರಾಂ ಗ್ಯಾಸ್ ಕುಡಿಯುತ್ತದೆ. ದಿನಾ ಸಂಜೆ ಐದೈದು ಗಂಟೆ ಕಾಲ ಉರಿಸಿದರೆ ಒಂದು ಸಿಲಿಂಡರ್ ಒಂಬತ್ತು ಸಂಜೆಗೆ ಬರುತ್ತದೆ. ಸಿಲಿಂಡರಿಗೆ 900 ರೂಪಾಯಿ ಹಿಡಿದರೆ ಸಂಜೆಗೆ ನೂರು ರೂಪಾಯಿ. "ಒಂದು ಡಾಲರ್ ಚಿಲ್ಲರೆ ಚಿಕ್ಕಪ್ಪ!" ಅಂತ ಕುಣಿದ. ವರ್ಮಾಂಟಿನಲ್ಲಿ ಆ ದುಡ್ಡಿಗೆ ಅರ್ಧ ಗ್ಯಾಲನ್ನೂ ಬರುವುದಿಲ್ಲ.

ಮೊದಲ ಸಂಜೆ ನಾವೆಲ್ಲ ಕೆಂಪು ಜಾಲರಿಯ ಮುಂದೆ ಅರ್ಧಚಂದ್ರ ಕೂತೆವು. ಮೂತಿ ಸುಡುತ್ತಿತ್ತು, ಬೆನ್ನು ತಣ್ಣಗೆ ಕೊರೆಯುತ್ತಿತ್ತು. ಬಿಸಿ ಗಾಳಿ ನಮ್ಮ ಹತ್ತಿರ ಅರೆಗಳಿಗೆಯೂ ನಿಲ್ಲದೆ ಹೆಂಚಿನ ಸಂದಿಯಲ್ಲಿ ತೂರಿ ಆಗುಂಬೆ ಕಡೆ ಹೊರಟುಹೋಗುತ್ತಿತ್ತು. ಬಾಗಿಲು ಕಿಟಕಿ ಹಾಕಿಬಿಡೋಣ ಅಂದೆ. ಹುಡುಗ ಹೌಹಾರಿದ. ಅವರ ಮನೆಯಲ್ಲಿ ಉರಿದ ಗ್ಯಾಸಿನ ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಇದಕ್ಕೆ ಕೊಳವೆಯೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. ನಮ್ಮ ಕಡೆ ಬಚ್ಚಲೊಳಗೇ ಗ್ಯಾಸ್ ಗೀಸರ್ ಹಾಕಿಸಿಕೊಂಡು ಕಿಟಕಿ ಮುಚ್ಚಿ ಸ್ನಾನಕ್ಕೆ ನಿಲ್ಲುವವರು ಈ ಮಾತನ್ನು ಸ್ವಲ್ಪ ಕಿವಿಗೆ ಹಾಕಿಕೊಂಡರೆ ಒಳ್ಳೆಯದು. ಅಂತೂ ಬಾಗಿಲು ತೆರೆದೇ ಇಟ್ಟೆವು. ಒಂದು ಕಡೆಯಿಂದ ಮಳೆಗಾಳಿ ಒಳಗೆ, ಇನ್ನೊಂದು ಕಡೆಯಿಂದ ನೂರು ರೂಪಾಯಿ ಹೊರಗೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಹೀಟರ್ ಉರಿಸಿದಷ್ಟೂ ಮನೆ ಒದ್ದೆಯಾಗುತ್ತಾ ಬಂತು. ಕನ್ನಡಿ ಮಸುಕಾಯಿತು. ದೇವರ ಪಟದ ಗಾಜಿನ ಮೇಲೆ ಹನಿ ಇಳಿಯಿತು. ಗೋಡೆ ಬೆವರಿತು. ಅಮ್ಮ ಡಬ್ಬಿಯಲ್ಲಿ ಭದ್ರವಾಗಿಟ್ಟಿದ್ದ ಹಲಸಿನ ಹಪ್ಪಳ ತೆಗೆದು ನೋಡಿದರೆ ಮಡಚಿದರೂ ಮುರಿಯಲಿಲ್ಲ. "ಎಂತ ಮಾರಾಯ, ಇದು ಬೆಂಕಿಯಾ ನೀರಿನ ಯಂತ್ರವಾ?" ಅಂತ ಅವಳು ಕೇಳಿದ್ದನ್ನು ಹುಡುಗ ನಗುವುದು ಬಿಟ್ಟು ಗಂಭೀರವಾಗಿ ತಗೊಂಡ. ಪಿಯುಸಿಯ ರಸಾಯನಶಾಸ್ತ್ರ ನೆನಪಿಸಿಕೊಂಡು ಮಗಳ ನೋಟ್‌ಬುಕ್ಕಿನ ಹಿಂದೆ ಸಮೀಕರಣ ಬರೆದ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಗ್ಯಾಸ್ ಅಂದರೆ ಇಂಗಾಲ ಮತ್ತು ಜಲಜನಕ. ಉರಿದಾಗ ಆ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗಿಂತ ಹೆಚ್ಚು ನೀರಿನ ಆವಿ. ಒಂದು ಸಿಲಿಂಡರಿಗೆ 22 ಲೀಟರ್ ಮೇಲೆ. ಕೊಳವೆ ಇದ್ದರೆ ಅದು ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಮನೆಯೊಳಗೇ ಕೂರುತ್ತದೆ. ಅಂದರೆ, ಆಗುಂಬೆ ಪಕ್ಕದಲ್ಲಿ, ಪುನರ್ವಸು ಮಳೆಯಲ್ಲಿ, ನಾವು 900 ರೂಪಾಯಿ ಕೊಟ್ಟು ಎರಡು ಕೊಡಪಾನ ನೀರು ತರಿಸಿಕೊಂಡು ಗೋಡೆಗೆ ಬಳಿಯುತ್ತಿದ್ದೆವು.

ಹೀಟರ್ ಅಷ್ಟಕ್ಕೇ ನಿಲ್ಲಬೇಕಿತ್ತು. ಆದರೆ ಅವನ ಹೆಂಡತಿಗೆ ಬೆಳಗ್ಗೆ ಮುಖ ತೊಳೆಯುವ ಹೊತ್ತಿಗಾದರೂ ಅದು ಬೇಕು, ಹಾಗಾಗಿ ಸ್ವಲ್ಪ ಸ್ವಲ್ಪ ಉರಿಯುತ್ತಲೇ ಇತ್ತು. "ಗ್ಯಾಸ್ ಎಷ್ಟುಳಿದಿದೆ ಅಂತ ಮೀಟರ್ ಎಲ್ಲಿ ಚಿಕ್ಕಮ್ಮ?" ಅಂತ ಹುಡುಗ ಕೇಳಿದ. ಅವನ ಟ್ಯಾಂಕಿಗೆ ಮುಳ್ಳಿದೆ, ಶೇಕಡಾವಾರು ತೋರಿಸುತ್ತದೆ, 30ಕ್ಕೆ ಇಳಿದರೆ ಎಚ್ಚರವಾಗಬೇಕು. ನನ್ನ ಹೆಂಡತಿ ನಮ್ಮ ಮೀಟರ್ ತೋರಿಸಿದಳು: ಒದ್ದೆ ಬಟ್ಟೆ. ಸಿಲಿಂಡರಿನ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಾಯಬೇಕು. ಖಾಲಿ ಭಾಗ ಬೇಗ ಒಣಗುತ್ತದೆ, ದ್ರವ ಇರುವಲ್ಲಿ ತಣ್ಣಗಿರುವುದರಿಂದ ಒದ್ದೆ ನಿಲ್ಲುತ್ತದೆ, ನಡುವಿನ ಗೆರೆಯೇ ಗ್ಯಾಸಿನ ಮಟ್ಟ. ಬಯಲುಸೀಮೆಯಲ್ಲಿ ಇದು ಎರಡು ನಿಮಿಷದ ಕೆಲಸ. ನಾವು ಒರೆಸಿ, ಕಾಫಿ ಕುಡಿದು, ಬಂದು ನೋಡಿದೆವು. ತಿಂಡಿ ತಿಂದು ಬಂದು ನೋಡಿದೆವು. ಮೇಲೂ ಒಣಗಿರಲಿಲ್ಲ, ಕೆಳಗೂ ಒಣಗಿರಲಿಲ್ಲ. ನಮ್ಮ ಮೀಟರಿನ ಪ್ರಕಾರ ಸಿಲಿಂಡರ್ ಪೂರ್ತಿ ತುಂಬಿತ್ತು. ಮಧ್ಯಾಹ್ನ ಅದು ಖಾಲಿಯಾಯಿತು. ಅಡುಗೆಯ ಸಿಲಿಂಡರೂ ಅದರ ಬೆನ್ನಿಗೇ ಹೋಯಿತು, ಅದೂ ನೆಂಟರಿಗೆ ಕಡುಬು ಹಬೆಗಿಟ್ಟ ಹೊತ್ತಿನಲ್ಲಿ. ಗೋಬರ್ ಗ್ಯಾಸ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆದರೆ ಸಗಣಿಯಿಂದ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸು ಇದ್ದರೆ ಖುಷಿ. ಮಳೆಗಾಲದಲ್ಲಿ ಅವೂ ಮುದುರಿಕೊಂಡು, ಒಂದು ಲೋಟ ಹಾಲು ಕಾಯುವಷ್ಟು ಕೊಟ್ಟು ಕೈ ಎತ್ತುತ್ತವೆ.

ಆವತ್ತು ಕಡುಬು ಬೆಂದದ್ದು ಬಚ್ಚಲೊಲೆಯಲ್ಲಿ. ಆಮೇಲೆ ಸಂಸಾರವೂ ಅಲ್ಲಿಗೇ ಸ್ಥಳಾಂತರವಾಯಿತು. ಹಂಡೆ ಕೂರಿಸಿದ ಮಣ್ಣೊಲೆ, ಬೆಳಗ್ಗೆ ಹಚ್ಚಿದರೆ ರಾತ್ರಿವರೆಗೆ ಕೆಂಡ. ಮೇಲೆ ಗಳುವಿನಲ್ಲಿ ಬಟ್ಟೆ. ಕಟ್ಟಿಗೆ ಉರಿದರೂ ನೀರಿನ ಆವಿ ಬರುತ್ತದೆ, ಆದರೆ ಇಲ್ಲಿ ಹೊಗೆಗೂಡಿದೆ, ಹೊಗೆಯ ಜೊತೆ ಅದೂ ಮೇಲಕ್ಕೆ ಹೋಗುತ್ತದೆ. ಹಿರಿಯರು ಈ ಸಮೀಕರಣ ಬರೆದಿರಲಿಕ್ಕಿಲ್ಲ, ಕಣ್ಣು ಉರಿದಿತ್ತು, ಕಟ್ಟಿದರು. ಅಮ್ಮನ ಮರಿಮಗಳು ಕೆಂಡದಲ್ಲಿ ಹಲಸಿನ ಬೀಜ ಹುಗಿದು, ಒಂದೊಂದು ಟಪ್ ಅಂದಾಗಲೂ ಕಿರುಚಿ, ಊದುಗೊಳವೆಯಿಂದ ತೆಗೆದು, ಬೂದಿ ಸಮೇತ ತಿಂದಳು. ವರ್ಮಾಂಟಿಗೆ ವಾಪಸ್ ಹೋಗುವುದಿಲ್ಲ ಅಂತಲೂ ಘೋಷಿಸಿದಳು.

"ನೋಡು, ಖರ್ಚಿಲ್ಲ ವೆಚ್ಚ ಇಲ್ಲ," ಅಂದಳು ಅಮ್ಮ.

ಈ ಮಾತಿಗೆ ಮಾತ್ರ ನನ್ನ ತಕರಾರಿದೆ. ಖರ್ಚಿಲ್ಲ ಅನ್ನುವವಳು ಅವಳು, ಮೇ ತಿಂಗಳಲ್ಲಿ ಕಟ್ಟಿಗೆ ಸೀಳಿಸಿ ಕೂಲಿ ಕೊಟ್ಟವನು ನಾನು. ಮಳೆ ಬರುವ ಮೊದಲು ಅಡಿಕೆ ಹಾಳೆ, ಸೋಗೆ, ಸಿಪ್ಪೆ, ಕರಟ ಎಲ್ಲ ಕೊಟ್ಟಿಗೆಗೆ ಹೊತ್ತು ಒಟ್ಟಿದ ಬೆನ್ನು ನನ್ನದು, ಆ ಬೆನ್ನಿಗೆ ತಂದ ಎಣ್ಣೆಯ ಬಿಲ್ಲು ಇನ್ನೂ ಕ್ಯಾಲೆಂಡರಿನ ಹಿಂದೆ ಇದೆ. ಹುಡುಗ ನನ್ನ ಪರ ನಿಂತ. 20 ಲೀಟರಿನ ಬಕೆಟ್ ನೀರನ್ನು 22 ಡಿಗ್ರಿಯಿಂದ 42ಕ್ಕೆ ಕಾಯಿಸಲು ಗ್ಯಾಸ್ ಗೀಸರಿನಲ್ಲಿ ಮೂರು ರೂಪಾಯಿ ಸಾಕು, ಒಂದು ಸಿಲಿಂಡರಿಗೆ ಮುನ್ನೂರು ಬಕೆಟ್ ಅಂತ ಲೆಕ್ಕ ಕೊಟ್ಟ. ಅಮ್ಮ ಕೇಳಿಸಿಕೊಂಡು, "ಬಕೆಟ್ಟಲ್ಲಿ ಮೀಯೋದು ಪೇಟೆಯವರು," ಅಂತ ಹಂಡೆಯಿಂದ ಇನ್ನೊಂದು ತಂಬಿಗೆ ಮೊಗೆದು ಅವನ ಬೆನ್ನಿಗೇ ಸುರಿದಳು. ಆ ಸುಡುನೀರಿಗೆ ಅವನ ಲೆಕ್ಕ ಅರ್ಧಕ್ಕೇ ನಿಂತಿತು.

ಅಕ್ಟೋಬರಿನಲ್ಲಿ ಅಲ್ಲಿಂದ ಫೋನು. ಮನೆಗೆ ಕಟ್ಟಿಗೆ ಒಲೆ ಹಾಕಿಸುತ್ತಾನಂತೆ. ಆದರೆ ಅಲ್ಲಿ ಒಲೆ ಹಾಕಿಸಿದ್ದನ್ನು ಇನ್ಶೂರೆನ್ಸಿನವರಿಗೆ ತಿಳಿಸಬೇಕು, ಹೊಗೆಗೂಡಿನ ತಪಾಸಣೆ ಆಗಬೇಕು. ಕಟ್ಟಿಗೆಯನ್ನು ಕಾರ್ಡ್ ಅನ್ನುವ ಅಳತೆಯಲ್ಲಿ ಮಾರುತ್ತಾರೆ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ಒಟ್ಟು, ಒಂದಕ್ಕೇ ಕೆಲವು ನೂರು ಡಾಲರ್.

"ಕಟ್ಟಿಗೆಗೂ ಡಾಲರಾ!" ಅಂತ ಅಮ್ಮ ಹೌಹಾರಿದಳು. ಡಿಸೆಂಬರಿನಲ್ಲಿ ನಮ್ಮೂರಿನ ಒಬ್ಬರು ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೊರಟಿದ್ದಾರೆ. ಒಂದು ಸೂಟ್‌ಕೇಸಿಗೆ 23 ಕೆಜಿ ಬಿಡುತ್ತಾರೆ ಅಂತ ವಿಚಾರಿಸಿಕೊಂಡು ಬಂದ ಅಮ್ಮ, ಈಗ ಅಡಿಕೆ ತೂಗುವ ತಕ್ಕಡಿ ಕೆಳಗಿಳಿಸಿಕೊಂಡು ಒಣ ಹಾಳೆ ತೂಗುತ್ತಾ ಕೂತಿದ್ದಾಳೆ. ಹಾಳೆ ಹಗುರ, ಬೇಕಾದಷ್ಟು ಹಿಡಿಯುತ್ತದೆ ಅನ್ನುವುದು ಅವಳ ಅಂದಾಜು. ಅಲ್ಲಿಗೆ ಹೊರಟವರಿಗೆ ಈ ವಿಷಯ ಇನ್ನೂ ಯಾರೂ ಹೇಳಿಲ್ಲ.