ಕೌಂಟರ್ ನೋಡಿ ದೇಶವನ್ನು ಅಳೆಯಬೇಡಿ

ವಿದೇಶಕ್ಕೆ ಹೋಗಿ ಬಂದವರು "ಆ ದೇಶದ ಜನ ಸರಿ ಇಲ್ಲ, ಬಹಳ ಒರಟು" ಅಂದಾಗಲೆಲ್ಲ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಯಾರು ಒರಟಾಗಿ ನಡೆದುಕೊಂಡರು? ಎಲ್ಲಿ? ಉತ್ತರ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ವೀಸಾ ಕೇಂದ್ರದಲ್ಲಿ, ಚೆಕ್‌ಇನ್ ಕೌಂಟರ್‌ನಲ್ಲಿ, ಇಮಿಗ್ರೇಷನ್ ಸಾಲಿನಲ್ಲಿ, ಏರ್‌ಪೋರ್ಟ್ ಹೊರಗೆ ಟ್ಯಾಕ್ಸಿ ನಿಲ್ಲುವ ಜಾಗದಲ್ಲಿ. ಇವು ನಾಲ್ಕೂ ಆ ದೇಶದ ಜನ ದಿನಾ ಓಡಾಡುವ ಜಾಗಗಳೇ ಅಲ್ಲ.

ಈ ಜಾಗಗಳಲ್ಲಿ ನನಗೂ ಸಿಟ್ಟು ಬಂದಿದೆ. ಅಳು ಬಂದಿದೆ. ಆದರೆ ಆ ಸಿಟ್ಟು ಯಾರ ಮೇಲೆ ಹೋಗಬೇಕು ಅನ್ನುವುದರಲ್ಲಿ ನಾವು ಎಡವುತ್ತೇವೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅದನ್ನು ಬರೆಯಲೇಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ವೀಸಾದಿಂದಲೇ ಶುರು ಮಾಡೋಣ. ಯುರೋಪಿನ 29 ದೇಶಗಳಿಗೆ ಸೇರಿ ಇರುವುದು ಷೆಂಗೆನ್ ವೀಸಾ. ಅದರ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ಖರ್ಚು ಭರಿಸುವ ಪ್ರಯಾಣ ವಿಮೆ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸ ಕೊಟ್ಟವರ ಪತ್ರ, ಉಳಿಯುವ ಜಾಗದ ಬುಕಿಂಗ್, ವಾಪಸ್ ಟಿಕೆಟ್ಟಿನ ಬುಕಿಂಗ್, ಎಲ್ಲ ಬೇಕು. ಇಷ್ಟು ಕೊಟ್ಟ ಮೇಲೆ ಸಾಮಾನ್ಯವಾಗಿ 15 ದಿನ ಕಾಯಬೇಕು, ಕೆಲವು ಸಲ ಅದು 45 ದಿನದವರೆಗೂ ಎಳೆಯಬಹುದು. ವೀಸಾ ಸಿಗಲಿಲ್ಲ ಅಂದರೆ ಒಂದು ಸಿದ್ಧ ಫಾರಂ ಕೈಗೆ ಬರುತ್ತದೆ. ಅದರಲ್ಲಿ ಕಾರಣಗಳ ಪಟ್ಟಿ ಮೊದಲೇ ಅಚ್ಚಾಗಿರುತ್ತದೆ. ನಿಮಗೆ ಯಾವುದು ಅನ್ವಯಿಸುತ್ತದೋ ಅದರ ಮುಂದೆ ಗುರುತು ಹಾಕಿರುತ್ತಾರೆ. ವೀಸಾ ಮುಗಿಯುವ ಮೊದಲು ನೀವು ಹೊರಟು ಹೋಗುತ್ತೀರಿ ಅನ್ನುವುದರ ಬಗ್ಗೆ ಅನುಮಾನವಿದೆ ಅನ್ನುವುದೂ ಆ ಪಟ್ಟಿಯಲ್ಲಿರುವ ಒಂದು ಕಾರಣ. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ಒಂದು ವೀಸಾ ಕೇಂದ್ರದಲ್ಲಿ ನನ್ನ ಮುಂದೆ ಒಬ್ಬ ಅಮ್ಮ ನಿಂತಿದ್ದರು. ಮಗಳ ಹೆರಿಗೆಗೆ ಹೋಗಬೇಕಿತ್ತು. ಅವರ ಕೈಯಲ್ಲಿ ಇದೇ ಫಾರಂ. ಕೌಂಟರಿನಲ್ಲಿದ್ದ ಹುಡುಗಿಯನ್ನು ಅವರು ಕೇಳಿದ್ದು ಒಂದೇ ಮಾತು. "ಯಾಕಮ್ಮ, ನನ್ನ ಮೇಲೆ ಏನು ಅನುಮಾನ?" ಆ ಹುಡುಗಿ ತಲೆ ಎತ್ತಲಿಲ್ಲ. "ನಮಗೆ ಗೊತ್ತಿಲ್ಲ ಮೇಡಂ, ನಾವು ಕಾಗದ ತಗೊಳ್ಳೋದಷ್ಟೇ" ಅಂದಳು. ಸುತ್ತ ನಿಂತವರಿಗೆಲ್ಲ ಅವಳ ಮೇಲೆ ಕೋಪ ಬಂತು. ಆದರೆ ಅವಳು ಹೇಳಿದ್ದು ನಿಜ. ಇಂಥ ಕೇಂದ್ರಗಳನ್ನು ಹೆಚ್ಚಿನ ಕಡೆ ನಡೆಸುವುದು ಗುತ್ತಿಗೆ ಪಡೆದ ಖಾಸಗಿ ಕಂಪನಿಗಳು. ತೀರ್ಮಾನ ಮಾಡುವುದು ದೂತಾವಾಸದ ಒಳಗೆ ಕೂತ ಅಧಿಕಾರಿ. ಆ ಅಧಿಕಾರಿಯನ್ನು ನಾವು ನೋಡುವುದೇ ಅಪರೂಪ. ತೀರ್ಮಾನ ಮಾಡಿದವರು ಆ ಅಮ್ಮನ ಮುಖ ನೋಡಿರಲಿಕ್ಕಿಲ್ಲ. ಮುಖ ನೋಡುತ್ತಿದ್ದವಳಿಗೆ ತೀರ್ಮಾನ ಮಾಡುವ ಅಧಿಕಾರ ಇರಲಿಲ್ಲ. ನನ್ನ ಸಿಟ್ಟೆಲ್ಲ ಈ ಏರ್ಪಾಡಿನ ಮೇಲೆ.

ಇದು ಅನಾದಿ ಕಾಲದಿಂದ ಬಂದದ್ದೂ ಅಲ್ಲ. ಮೊದಲ ಮಹಾಯುದ್ಧಕ್ಕೂ ಮುಂಚೆ, ರಷ್ಯಾ ಮತ್ತು ತುರ್ಕಿಯಂಥ ಕೆಲವನ್ನು ಬಿಟ್ಟರೆ, ಯುರೋಪಿನ ಬಹುಪಾಲು ದೇಶಗಳಲ್ಲಿ ಪಾಸ್‌ಪೋರ್ಟ್ ಇಲ್ಲದೆ ಓಡಾಡಬಹುದಿತ್ತು. ಯುದ್ಧದಲ್ಲಿ ಗೂಢಚಾರರ ಭಯಕ್ಕೆ ತಪಾಸಣೆ ಶುರುವಾಯಿತು. ಯುದ್ಧ ಮುಗಿದರೂ ತಪಾಸಣೆ ಹೋಗಲಿಲ್ಲ. 1920ರಲ್ಲಿ ಪ್ಯಾರಿಸ್‌ನಲ್ಲಿ ಲೀಗ್ ಆಫ್ ನೇಷನ್ಸ್, ಅಂದರೆ ವಿಶ್ವಸಂಸ್ಥೆಗೂ ಮುಂಚೆ ಇದ್ದ ದೇಶಗಳ ಕೂಟ, ಸಭೆ ಸೇರಿಸಿ, ಪಾಸ್‌ಪೋರ್ಟ್ ಪುಸ್ತಕ ಎಲ್ಲ ಕಡೆ ಒಂದೇ ರೀತಿ ಇರಲಿ ಅಂತ ಸೂಚಿಸಿತು. ಈಗ ನಮ್ಮ ಕೈಲಿರುವ ಪುಟ್ಟ ಪುಸ್ತಕದ ಮೂಲ ಅಲ್ಲಿದೆ.

ಇನ್ನು ಚೆಕ್‌ಇನ್ ಕೌಂಟರ್. ಇಮಿಗ್ರೇಷನ್ ಅಧಿಕಾರಿಗಿಂತ ವಿಮಾನ ಕಂಪನಿಯ ನೌಕರರೇ ಜಾಸ್ತಿ ಕಾಡುತ್ತಾರೆ ಅಂತ ಅನೇಕರು ಹೇಳುತ್ತಾರೆ. ಅದಕ್ಕೆ ಕಾರಣ ಇದೆ. ಸರಿಯಾದ ಕಾಗದ ಇಲ್ಲದವರನ್ನು ಕರೆತಂದರೆ ಬಹಳ ದೇಶಗಳು ವಿಮಾನ ಕಂಪನಿಗೆ ದಂಡ ಹಾಕುತ್ತವೆ. ಬ್ರಿಟನ್‌ನಲ್ಲಿ ಅದು ತಲಾ 2,000 ಪೌಂಡ್. ಒಳಗೆ ಬಿಡದ ಪ್ರಯಾಣಿಕರನ್ನು ವಾಪಸ್ ಒಯ್ಯುವ ಹೊಣೆಯೂ ಕಂಪನಿಯ ತಲೆಗೇ ಬರುತ್ತದೆ. ಹಾಗಾಗಿ ಕೌಂಟರಿನವರು ಟಿಮ್ಯಾಟಿಕ್ ಅನ್ನುವ ಮಾಹಿತಿ ವ್ಯವಸ್ಥೆಯಲ್ಲಿ ನಿಮ್ಮ ಪಾಸ್‌ಪೋರ್ಟ್, ನೀವು ಹೋಗುವ ದೇಶ, ನಡುವೆ ಇಳಿಯುವ ದೇಶ ಎಲ್ಲ ಹಾಕಿ ನೋಡುತ್ತಾರೆ. ಅಲ್ಲಿ ಬೇಕು ಅಂತ ಬಂದ ಕಾಗದ ನಿಮ್ಮ ಬಳಿ ಇಲ್ಲದಿದ್ದರೆ ಅವರು ಹತ್ತಿಸುವುದಿಲ್ಲ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುವ ನಿಯಮ, ಬರೀ ವಿಮಾನ ಬದಲಿಸುವುದಕ್ಕೂ ಕೆಲವು ದೇಶಗಳು ಕೇಳುವ ಟ್ರಾನ್ಸಿಟ್ ವೀಸಾ, ಎಲ್ಲ ಅಲ್ಲಿಯೇ ಅಡ್ಡ ಬರುವುದು.

ಒಮ್ಮೆ ನಡುವಿನ ಒಂದು ಏರ್‌ಪೋರ್ಟ್‌ನಲ್ಲಿ ನನ್ನನ್ನು ಹೀಗೇ ಪಕ್ಕಕ್ಕೆ ನಿಲ್ಲಿಸಿದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಸಾಲು ಕರಗುತ್ತಿತ್ತು, ಗೇಟ್ ಮುಚ್ಚುವ ಹೊತ್ತು ಹತ್ತಿರ ಬರುತ್ತಿತ್ತು. ಆಗ ಒಬ್ಬ ಹಿರಿಯ ನೌಕರ ಬಂದು ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ನೋಡಿ, ಮುಂದಿನ ಪ್ರಯಾಣದ ಟಿಕೆಟ್ ಕೇಳುತ್ತಿದೆ" ಅಂದರು. ನನ್ನ ಬಳಿ ಆ ಟಿಕೆಟ್ ಇತ್ತು. ಬೇರೆ ಕಂಪನಿಯದ್ದು, ಅದಕ್ಕೇ ಅವರ ಕಂಪ್ಯೂಟರ್‌ನಲ್ಲಿ ಕಾಣುತ್ತಿರಲಿಲ್ಲ. ತೋರಿಸಿದೆ, ಮುಗಿಯಿತು. ಅವರು ನಿಯಮ ಮುರಿಯಲಿಲ್ಲ. ನನಗೆ ಗೊತ್ತಾಗಬೇಕಾದ್ದನ್ನು ನನಗೆ ತೋರಿಸಿದರು, ಅಷ್ಟೇ. ಅಷ್ಟಕ್ಕೇ ನನ್ನ ಕಣ್ಣು ತುಂಬಿ ಬಂತು.

ಲಗೇಜ್ ಕಳೆದುಕೊಳ್ಳುವ ಗೋಳು ಎಲ್ಲರಿಗೂ ಗೊತ್ತಿದ್ದದ್ದೇ, ಹೆಚ್ಚು ಬರೆಯುವುದಿಲ್ಲ. ಬ್ಯಾಗ್ ಬರಲಿಲ್ಲ ಅಂದರೆ ಏರ್‌ಪೋರ್ಟ್ ಬಿಡುವ ಮೊದಲೇ ಲಿಖಿತ ದೂರು ಕೊಟ್ಟು ಅದರ ನಂಬರ್ ತೆಗೆದುಕೊಳ್ಳಿ. ಅಲ್ಲಿ ಅನಿವಾರ್ಯವಾಗಿ ಕೊಂಡ ಬಟ್ಟೆಬರೆಯ ರಸೀದಿ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನವಾದರೂ ಬ್ಯಾಗ್ ಬರದಿದ್ದರೆ ಅದು ಕಳೆದುಹೋದ ಲೆಕ್ಕವೇ, ಪರಿಹಾರ ಕೇಳುವ ಹಕ್ಕು ನಿಮಗಿದೆ.

ಈಗ ಕೌಂಟರಿನ ಆಚೆಗಿನ ಜನರ ಮಾತು. ಇದನ್ನು ಹೇಳುವುದಕ್ಕೇ ನಾನು ಬರೆಯಲು ಕೂತದ್ದು.

ಜರ್ಮನಿಯ ಒಂದು ಪುಟ್ಟ ಊರಿನಲ್ಲಿದ್ದೆ. ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವುದು ಕಾನೂನು, ಸೂಪರ್ ಮಾರ್ಕೆಟ್ ಕೂಡ ತೆರೆಯುವುದಿಲ್ಲ. ನನಗೆ ಹಿಂದಿನ ರಾತ್ರಿಯಿಂದ ಜ್ವರ. ಮೈ ಸುಡುತ್ತಿತ್ತು. ಔಷಧಿ ಅಂಗಡಿ ಹುಡುಕಿಕೊಂಡು ಹೋದರೆ ಬಾಗಿಲು ಹಾಕಿತ್ತು. ಗಾಜಿನ ಮೇಲೆ ಏನೋ ಒಂದು ಚೀಟಿ ಅಂಟಿಸಿದ್ದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅಲ್ಲಿಯೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿ ನಿಂತರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಹಣೆ ಮುಟ್ಟಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಆ ಚೀಟಿ ಓದಿದರು. ಅಲ್ಲಿನ ಪದ್ಧತಿ ನನಗೆ ಆಮೇಲೆ ತಿಳಿಯಿತು. ರಜೆಯ ದಿನ, ರಾತ್ರಿ ಹೊತ್ತು ಸರದಿಯ ಮೇಲೆ ಯಾವುದಾದರೂ ಒಂದು ಔಷಧಿ ಅಂಗಡಿ ತುರ್ತು ಸೇವೆಗೆ ಇರಲೇಬೇಕು. ಆ ದಿನ ಯಾರ ಸರದಿ ಅನ್ನುವುದನ್ನು ಉಳಿದ ಅಂಗಡಿಗಳ ಬಾಗಿಲಿಗೆ ಹಾಕಿರುತ್ತಾರೆ. ಆ ದಿನದ ಸರದಿ ಊರಿನ ಇನ್ನೊಂದು ತುದಿಯ ಅಂಗಡಿಯದ್ದು. ಅಜ್ಜಿ ದಾರಿ ತೋರಿಸಿ ಹೊರಟು ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಜೊತೆ ನಡೆದರು, ನಿಧಾನವಾಗಿ, ನಾಯಿಯನ್ನೂ ಎಳೆದುಕೊಂಡು. ಅಲ್ಲಿ ಗಂಟೆ ಒತ್ತಿದಾಗ ಬಾಗಿಲಲ್ಲಿದ್ದ ಸಣ್ಣ ಕಿಂಡಿ ತೆರೆಯಿತು. ಒಳಗಿದ್ದವರಿಗೆ ನನ್ನ ಪರವಾಗಿ ಎಲ್ಲ ವಿವರಿಸಿದವರೂ ಅಜ್ಜಿಯೇ. ಮಾತ್ರೆ ನನ್ನ ಕೈಗೆ ಬಂದ ಮೇಲೂ ಬಿಡಲಿಲ್ಲ. ದಿನಕ್ಕೆ ಎಷ್ಟು ಅನ್ನುವುದನ್ನು ಬೆರಳಲ್ಲಿ ಎಣಿಸಿ ತೋರಿಸಿ, ನಾನು ತಿರುಗಿ ಎಣಿಸಿ ತೋರಿಸುವವರೆಗೂ ನಿಂತರು. ಜರ್ಮನಿಯವರು ಬಿಗಿ ಮುಖದವರು, ಹತ್ತಿರ ಸೇರಿಸುವುದಿಲ್ಲ ಅನ್ನುವ ಮಾತು ಎಷ್ಟು ಸಲ ಕೇಳಿದ್ದೀವಿ ಅಲ್ವಾ?

ಟೋಕಿಯೋದಲ್ಲಿ ವಿಳಾಸ ಹುಡುಕಿದವರಿಗೆ ಆ ಕಷ್ಟ ಗೊತ್ತು. ಅಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ಬಡಾವಣೆ, ಬ್ಲಾಕ್, ಕಟ್ಟಡದ ನಂಬರ್ ಇಷ್ಟೇ ವಿಳಾಸ. ಊರಿನವರೇ ತಪ್ಪಿಸಿಕೊಳ್ಳುತ್ತಾರೆ. ಅಲ್ಲಿ ಮೂಲೆಮೂಲೆಯಲ್ಲಿ ಕೋಬಾನ್ ಅನ್ನುವ ಪುಟ್ಟ ಪೊಲೀಸ್ ಠಾಣೆಗಳಿವೆ. ದಾರಿ ಹೇಳುವುದು ಅವರ ದಿನದ ಕೆಲಸಗಳಲ್ಲೊಂದು. ಪೊಲೀಸರನ್ನು ಕಂಡರೆ ದೂರ ಸರಿಯುವ ನನಗೆ ಅದು ಹೊಸ ಅನುಭವ. ದೊಡ್ಡ ನಕ್ಷೆ ಹರಡಿ, ಇನ್ನೊಂದು ಹಾಳೆಯ ಮೇಲೆ ದಾರಿ ಬರೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಜಾರ್ಜಿಯಾದ್ದು ಇನ್ನೂ ಬೇರೆ. ಟಿಬಿಲಿಸಿಯಿಂದ ಉತ್ತರಕ್ಕೆ ಕಾಕಸಸ್ ಬೆಟ್ಟಗಳನ್ನು ಹತ್ತಿ ಹೋಗುವ ಹೆದ್ದಾರಿ ಚಳಿಗಾಲದಲ್ಲಿ ಹಿಮಕುಸಿತದ ಭಯಕ್ಕೆ ಆಗಾಗ ಮುಚ್ಚುತ್ತದೆ. ನಾನು ಬೆಟ್ಟದ ಮೇಲಿನ ಊರಿನಿಂದ ಮಾರ್ಷ್ರುತ್ಕಾದಲ್ಲಿ, ಅಂದರೆ ಅಲ್ಲಿ ಹಲವರು ಸೇರಿ ಹೋಗುವ ವ್ಯಾನಿನಲ್ಲಿ, ವಾಪಸ್ ಬರುವಾಗ ಹಾಗೇ ಆಯಿತು. ದಾರಿ ಯಾವಾಗ ತೆರೆಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಮರುದಿನ ನನ್ನ ವಿಮಾನ. ಕಂಪನಿಗೆ ಫೋನ್ ಮಾಡಿದರೆ ಬರೀ ಸಂಗೀತ ಕೇಳಿಸುತ್ತಿತ್ತು. ವ್ಯಾನಿನ ಚಾಲಕ ನನ್ನ ಮುಖ ನೋಡಿದ. ತನ್ನ ಫೋನ್ ತೆಗೆದು ಯಾರ ಯಾರಿಗೋ ಮಾತಾಡಿದ. ರಾತ್ರಿ ಒಬ್ಬರ ಮನೆಯಲ್ಲಿ ನನಗೆ ಮಲಗಲು ಜಾಗ ಸಿಕ್ಕಿತು. ಬೆಳಿಗ್ಗೆ ದಾರಿ ತೆರೆದ ಕೂಡಲೇ ಬಂದು ಕರೆದುಕೊಂಡು ಹೋದ. ವಿಮಾನ ತಪ್ಪಿತು, ಟಿಕೆಟ್ಟಿನ ಹಣ ಹೋಯಿತು. ಆ ಸಂಕಟವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಆ ರಾತ್ರಿ ನಾನು ಒಂಟಿಯಾಗಿರಲಿಲ್ಲ.

ಹಾಗಂತ ಎಲ್ಲ ಕಡೆ ಒಳ್ಳೆಯವರೇ ಸಿಗುತ್ತಾರೆ ಅಂತ ಹೇಳಲಾರೆ. ಒಂಟಿ ಹೆಂಗಸಾಗಿ ಓಡಾಡುವವಳಿಗೆ ಆ ಭ್ರಮೆ ಇಟ್ಟುಕೊಳ್ಳುವ ಅನುಕೂಲ ಇಲ್ಲ. ತಾನಾಗಿಯೇ ಹತ್ತಿರ ಬಂದು ಸಹಾಯ ಮಾಡುತ್ತೇನೆ ಅನ್ನುವವರಿಗಿಂತ, ನಾನೇ ಆರಿಸಿ ಕೇಳಿದವರ ಮೇಲೆ ನನಗೆ ನಂಬಿಕೆ ಜಾಸ್ತಿ. ಮಗುವನ್ನು ಎತ್ತಿಕೊಂಡ ತಾಯಿ, ಅಂಗಡಿಯಲ್ಲಿ ಕೂತ ವಯಸ್ಸಾದವರು, ರೈಲ್ವೆ ಸಮವಸ್ತ್ರದಲ್ಲಿರುವವರು, ಇವರನ್ನು ಮೊದಲು ಕೇಳುತ್ತೇನೆ. ಪ್ರವಾಸಿಗರೇ ತುಂಬಿರುವ ಜಾಗದಲ್ಲಿ ಮೋಸ ಮಾಡುವವರೂ ಅಲ್ಲಿಯೇ ಸೇರಿರುತ್ತಾರೆ. ಎರಡು ಬೀದಿ ಆಚೆ ಹೋದರೆ ಜನ ಬೇರೆ, ಮಾತೂ ಬೇರೆ. ಇನ್ನೊಂದು ಮಾತು. ಒಂದೇ ಸಾಲಿನಲ್ಲಿ ನಿಂತರೂ ಮೈಬಣ್ಣ, ಪಾಸ್‌ಪೋರ್ಟಿನ ಬಣ್ಣ ನೋಡಿ ಪ್ರಶ್ನೆಗಳು ಬದಲಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಯಾವ ಅಜ್ಜಿಯ ಒಳ್ಳೆಯತನವೂ ಸರಿ ಮಾಡಲಾರದು. ಅದು ಕಾನೂನಿನಲ್ಲೇ ಸರಿಯಾಗಬೇಕು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇದು. ಆ ಅಜ್ಜಿ, ಆ ಚಾಲಕ, ಇವರು ಕೌಂಟರಿನ ಹುಡುಗಿಗಿಂತ ಒಳ್ಳೆಯವರು ಅಂತ ಅಲ್ಲ. ಅವರಿಗೆ ತಾವೇ ತೀರ್ಮಾನ ಮಾಡುವ ಸ್ವಾತಂತ್ರ್ಯ ಇತ್ತು. ಜೊತೆಗೆ ನಡೆಯಬೇಕು ಅನ್ನಿಸಿತು, ನಡೆದರು. ಕೌಂಟರಿನಲ್ಲಿ ಕೂತವರು ಹಾಗೆ ಮಾಡಿದರೆ ಕೆಲಸ ಹೋಗುತ್ತದೆ, ಇಲ್ಲವೇ ಕಂಪನಿಗೆ ದಂಡ ಬೀಳುತ್ತದೆ. ಸಂಜೆ ಅದೇ ಹುಡುಗಿ ಬಸ್ಸಿನಲ್ಲಿ ಯಾರಿಗೋ ಎದ್ದು ಸೀಟು ಬಿಟ್ಟುಕೊಡುತ್ತಾಳೆ ಅಂತ ನಾನು ನಂಬುತ್ತೇನೆ.

ಅದಕ್ಕೇ ಈಗ ಬರುತ್ತಿರುವ ಬದಲಾವಣೆ ಬಗ್ಗೆ ನನಗೆ ಆತಂಕ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಎಲ್ಲವನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಶುರುವಾಗಿದೆ. ಮುಖದ ಫೋಟೊ, ಬೆರಳಚ್ಚು, ಬಂದ ದಿನ, ಹೋದ ದಿನ, ಎಲ್ಲ ಅದರಲ್ಲಿ. 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿ ಉಳಿಯಬಹುದು ಅನ್ನುವ ಲೆಕ್ಕವನ್ನು ಅದೇ ಇಡುತ್ತದೆ. ಇದರಿಂದ ಅನುಕೂಲವೂ ಇದೆ. ಮುದ್ರೆ ಮಸುಕಾಗಿ ಜಗಳ ಆಗುವುದು ತಪ್ಪುತ್ತದೆ. ಆದರೆ ವಯಸ್ಸಾದವರ ಬೆರಳಚ್ಚು, ಜೀವನವಿಡೀ ಕೈಕೆಲಸ ಮಾಡಿ ಬೆರಳು ಸವೆದವರ ಬೆರಳಚ್ಚು ಯಂತ್ರಕ್ಕೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಮಗಳ ಹೆರಿಗೆಗೆ ಹೊರಟ ಅಂಥ ಅಮ್ಮಂದಿರೇ ಅಲ್ಲಿ ಸಿಕ್ಕಿಹಾಕಿಕೊಳ್ಳುವುದು. ಯಂತ್ರ ಇರಲಿ. ಅದರ ಪಕ್ಕದಲ್ಲಿ ಮುಖ ನೋಡಿ ಮಾತಾಡಿಸುವ, ಅಲ್ಲೇ ತೀರ್ಮಾನ ಮಾಡುವ ಅಧಿಕಾರ ಇರುವ ಒಬ್ಬ ಮನುಷ್ಯ ಇರಲೇಬೇಕು. ವೀಸಾ ನಿರಾಕರಿಸಿದರೆ ಗುರುತು ಹಾಕಿದ ಫಾರಂ ಸಾಲದು. ಎರಡು ಸಾಲಾದರೂ ಅವರವರಿಗೆ ಅಂತಲೇ ಬರೆದ ಕಾರಣ ಕೊಡಬೇಕು, ಯಾವ ಕಾಗದ ಸಾಲಲಿಲ್ಲ ಅಂತ ಹೇಳಬೇಕು, ಶುಲ್ಕದಲ್ಲಿ ಅರ್ಧವನ್ನಾದರೂ ವಾಪಸ್ ಕೊಡಬೇಕು.