ಒಂದೇ ಗುಳಿಗೆ, ನಾಲ್ಕು ತಕರಾರು

ಕಳೆದ ವರ್ಷದ ಏಪ್ರಿಲ್‌ನಲ್ಲಿ, ಬಾಗಲಕೋಟೆಯ ಬಿಸಿಲಿಗೆ ನವನಗರದ ರಸ್ತೆಗಳೆಲ್ಲ ಮಧ್ಯಾಹ್ನವೇ ಖಾಲಿಯಾಗುತ್ತಿದ್ದ ದಿನಗಳಲ್ಲಿ, ಮೂತ್ರಪಿಂಡದ ಹರಳಿನ ನೋವಿನಿಂದ ನಾನು ಎರಡು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ನಮ್ಮ ಭಾಗದಲ್ಲಿ ಹರಳು ಹೊಸ ಜಡ್ಡೇನಲ್ಲ. ನಮ್ಮ ಓಣಿಯಲ್ಲೇ ನಾಲ್ಕೈದು ಜನ ಅದರ ರುಚಿ ಕಂಡವರಿದ್ದಾರೆ. ಹೀಗಾಗಿ 2017ರಿಂದ ಒಂದು ಕಂತನ್ನೂ ತಪ್ಪಿಸದೆ ಪ್ರೀಮಿಯಂ ಕಟ್ಟುತ್ತ ಬಂದಿರುವ ನನಗೆ, ವಿಮಾ ಕಂಪನಿ ಇದಕ್ಕೆ ತಕರಾರು ತೆಗೆದೀತೆಂಬ ಅನುಮಾನವೇ ಇರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನ ಹುಡುಗ ಬಂದು, "ಸರ್, ನಿಮಗ ಫಿಟ್ಸ್ ಯಾವಾಗಿಂದ ಬರ್ತಾವ್ರಿ?" ಎಂದು ಕೇಳಿದ.

ನನಗೆ ಹುಟ್ಟಿದಾಗಿನಿಂದ ಒಮ್ಮೆಯೂ ಫಿಟ್ಸ್ ಬಂದಿಲ್ಲ. ಆದರೆ ನಾನು ದಿನಾಲೂ ನುಂಗುತ್ತಿದ್ದ ಗುಳಿಗೆಗಳ ಪಟ್ಟಿಯಲ್ಲಿ ಟೋಪಿರಮೇಟ್ ಎಂಬ ಹೆಸರನ್ನು ಡ್ಯೂಟಿ ಡಾಕ್ಟರು ಬರೆದಿದ್ದರು, ಯಾವ ಕಾಯಿಲೆಗೆಂದು ಬರೆದಿರಲಿಲ್ಲ. ಟೋಪಿರಮೇಟ್ ಮೂರ್ಛೆ ರೋಗದ ಗುಳಿಗೆ, ಅರೆತಲೆನೋವು ಬಾರದಂತೆ ತಡೆಯಲೂ ಕೊಡುತ್ತಾರೆ. ಕಂಪನಿಯ ಕಡೆಯಿಂದ ಕಾಗದ ನೋಡಿದವರು ಅಷ್ಟನ್ನೇ ಓದಿ, ಈ ಮನುಷ್ಯ ಮೂರ್ಛೆ ರೋಗವನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದಾನೆ ಎಂದು ತೀರ್ಮಾನಿಸಿದರು. ಕ್ಯಾಶ್‌ಲೆಸ್ ನಿಂತಿತು. ಬಿಲ್ಲು ನಾನೇ ಕಟ್ಟಿ ಮನೆಗೆ ಬಂದೆ.

ಆ ಗುಳಿಗೆಯನ್ನು ನಾನು ಯಾಕೆ ತೆಗೆದುಕೊಳ್ಳುತ್ತಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಹೇಳದೆ ಮುಂದಿನ ಮಾತು ಯಾವುದೂ ಅರ್ಥವಾಗುವುದಿಲ್ಲ, ಮತ್ತು ಹೇಳದೆ ಉಳಿದದ್ದರಿಂದಲೇ ನಾನು ಇಪ್ಪತ್ತು ವರ್ಷ ಕಳೆದುಕೊಂಡಿದ್ದೇನೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಬುಟ್ಟಿಯಲ್ಲಿನ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾರನೆಯ ದಿನಕ್ಕೆಂದು ಎತ್ತಿಟ್ಟ ಅನ್ನ, ಪಂಚಮಿಯ ಹೊತ್ತಾದರೆ ಡಬ್ಬಿಗಟ್ಟಲೆ ಉಂಡಿ, ಹೀಗೆ ಕೈಗೆ ಸಿಕ್ಕಿದ್ದನ್ನು ಹಸಿವಿಲ್ಲದೆ, ಕಡೆಕಡೆಗೆ ರುಚಿಯೂ ಗೊತ್ತಾಗದೆ, ಹೊಟ್ಟೆ ಬಿರಿಯುವಂತೆ ನೋಯುವವರೆಗೆ ನಿಂತಲ್ಲೇ ತಿನ್ನುತ್ತಿದ್ದೆ. ನಿಲ್ಲಿಸಬೇಕೆಂದು ಮನಸ್ಸು ಹೇಳುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಹೆಂಡತಿ ಡಬ್ಬಿಯ ಮುಚ್ಚಳ ತೆರೆದು ನೋಡಿ ಏನೂ ಅನ್ನದೆ ಮುಚ್ಚುತ್ತಿದ್ದಳು. ಆ ಮೌನಕ್ಕಿಂತ ಅವಳು ಬೈದಿದ್ದರೇ ಹಗುರವಾಗುತ್ತಿತ್ತು. ಅವ್ವ ಮಾತ್ರ, "ದುಡಿಯೂ ಗಂಡಸು, ಉಣ್ಣಲಿ ಬಿಡವಾ" ಎನ್ನುತ್ತಿದ್ದಳು. ಬಡಿಸುವುದನ್ನೇ ಪ್ರೀತಿಯೆಂದು, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವುದನ್ನೇ ಮರ್ಯಾದೆಯೆಂದು ತಿಳಿದಿರುವ ನಮ್ಮ ಸೀಮೆಯಲ್ಲಿ, ಊಟವೇ ಒಂದು ಜಡ್ಡಾಗಬಹುದೆಂದು ಯಾರಿಗೆ ಹೊಳೆಯಬೇಕು?

2022ರಲ್ಲಿ, ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಬೆಳಗಾವಿಗೆ ಹೋದಾಗ ಅಲ್ಲಿಯ ವೈದ್ಯರು ನನ್ನನ್ನು ಮನೋವೈದ್ಯರ ಬಳಿ ಕಳಿಸಿದರು. ಅವರು ಅರ್ಧ ತಾಸು ಮಾತನಾಡಿಸಿ ಇದಕ್ಕೊಂದು ಹೆಸರಿದೆ ಎಂದರು: ಬಿಂಜ್ ಈಟಿಂಗ್ ಡಿಸಾರ್ಡರ್. ಆಲ್ಬರ್ಟ್ ಸ್ಟಂಕಾರ್ಡ್ ಎಂಬ ಅಮೆರಿಕದ ಮನೋವೈದ್ಯರು 1959ರಲ್ಲೇ ಇದನ್ನು ಗುರುತಿಸಿ ಬರೆದಿದ್ದರೂ, ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಇದಕ್ಕೆ ಸ್ವತಂತ್ರ ಸ್ಥಾನ ಸಿಕ್ಕಿದ್ದು 2013ರಲ್ಲಿ. ಹಿಡಿತ ತಪ್ಪಿ ತಿನ್ನುವುದು ಮೂರು ತಿಂಗಳ ಕಾಲ ವಾರಕ್ಕೆ ಒಮ್ಮೆಯಾದರೂ ನಡೆಯಬೇಕು, ತಿಂದದ್ದನ್ನು ವಾಂತಿ ಮಾಡಿ ಹೊರಹಾಕುವಂಥ ಅಭ್ಯಾಸ ಇರಬಾರದು, ತಿಂದ ಮೇಲೆ ತೀವ್ರ ಸಂಕಟ ಇರಬೇಕು ಎಂಬಂಥ ಗುರುತುಗಳಿಂದ ಇದನ್ನು ನಿರ್ಧರಿಸುತ್ತಾರೆ. ದಪ್ಪಗಿರುವವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ, ಈ ಕಾಯಿಲೆ ಇರುವವರೆಲ್ಲ ದಪ್ಪಗಿರುವುದಿಲ್ಲ. ಈ ಒಂದು ವಾಕ್ಯವನ್ನು ವಿಮಾ ಕಂಪನಿಗೆ ತಿಳಿಸಲು ನಾನು ಮುಂದೆ ಎಷ್ಟು ಪತ್ರ ಬರೆದೆನೆಂಬುದು ನನಗಷ್ಟೇ ಗೊತ್ತು.

ಮೊದಲು ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಗುಳಿಗೆ ಕೊಟ್ಟರು. ಸಾಲದೆನಿಸಿದಾಗ ಟೋಪಿರಮೇಟ್ ಸೇರಿಸಿದರು. ಸೇರಿಸುವಾಗ ವೈದ್ಯರು ಮುಚ್ಚುಮರೆ ಮಾಡಲಿಲ್ಲ: ಈ ಗುಳಿಗೆಯ ಜೊತೆ ಬರುವ ಕಾಗದದಲ್ಲಿ ನಿಮ್ಮ ಕಾಯಿಲೆಯ ಹೆಸರಿಲ್ಲ, ಇದನ್ನು ಆಫ್-ಲೇಬಲ್ ಬಳಕೆ ಎನ್ನುತ್ತಾರೆ, ಆದರೆ ಇದು ಕೆಲಸ ಮಾಡುತ್ತದೆಂದು ತೋರಿಸುವ ಅಧ್ಯಯನಗಳಿವೆ ಎಂದರು. ಇವೆ. 2003ರಲ್ಲಿ ಅಮೆರಿಕದಲ್ಲಿ 61 ರೋಗಿಗಳ ಮೇಲೆ, ಅರ್ಧದಷ್ಟು ಜನರಿಗೆ ಔಷಧವಿಲ್ಲದ ಖಾಲಿ ಗುಳಿಗೆ ಕೊಟ್ಟು ಹೋಲಿಸಿ ನೋಡಿದ ಅಧ್ಯಯನ ಪ್ರಕಟವಾಯಿತು. 2007ರಲ್ಲಿ ಅದಕ್ಕಿಂತ ದೊಡ್ಡದೊಂದು ಬಂತು. ಎರಡರಲ್ಲಿಯೂ ಗುಳಿಗೆ ತೆಗೆದುಕೊಂಡವರಲ್ಲಿ ಹಿಡಿತ ತಪ್ಪಿ ತಿನ್ನುವ ಸರದಿ ಸ್ಪಷ್ಟವಾಗಿ ಇಳಿಯಿತು. ಹಾಗಾದರೆ ಕಾಗದದ ಮೇಲೆ ಹೆಸರೇಕೆ ಏರಲಿಲ್ಲ? ನಮ್ಮ ದೇಶದ 2019ರ ಹೊಸ ಔಷಧಗಳ ನಿಯಮಗಳ ಪ್ರಕಾರ, ಹಳೆಯ ಔಷಧವನ್ನು ಹೊಸ ಕಾಯಿಲೆಗೆಂದು ಮಾರಲು ಹೊರಟರೆ ಅದನ್ನು ಹೊಸ ಔಷಧವೆಂದೇ ಎಣಿಸಿ ಮತ್ತೆ ಅನುಮತಿ ಪಡೆಯಬೇಕು. ಪೇಟೆಂಟ್ ಮುಗಿದು ಹತ್ತಾರು ಕಂಪನಿಗಳು ಅಗ್ಗವಾಗಿ ತಯಾರಿಸುವ ಗುಳಿಗೆಗೆ ಯಾವ ಕಂಪನಿ ಕೋಟಿಗಟ್ಟಲೆ ಸುರಿದು ಅನುಮತಿ ತಂದೀತು? ತಂದರೂ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. ಲೇಬಲ್ಲಿನಲ್ಲಿ ಕಾಯಿಲೆಯ ಹೆಸರಿಲ್ಲದಿರುವುದಕ್ಕೆ ಎಷ್ಟೋ ಸಲ ವಿಜ್ಞಾನಕ್ಕಿಂತ ಈ ಲೆಕ್ಕಾಚಾರವೇ ಕಾರಣ.

ಗುಳಿಗೆ ನನಗೆ ಉಪಕಾರ ಮಾಡಿತು. ವಾರಕ್ಕೆ ನಾಲ್ಕು ರಾತ್ರಿ ಇದ್ದದ್ದು ತಿಂಗಳಿಗೆ ಒಂದಕ್ಕೆ ಬಂತು. ಅಪಕಾರವನ್ನೂ ಮಾಡಿತು. ಬೆರಳ ತುದಿಗಳು ಜುಮ್ಮೆನ್ನುತ್ತಿದ್ದವು. ಪತ್ತಿನ ಸಂಘದ ಕೌಂಟರಿನಲ್ಲಿ ಕುಳಿತ ನನಗೆ ಹದಿನೈದು ವರ್ಷದ ಪರಿಚಯದ ಸದಸ್ಯರ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು. ಈ ಔಷಧವು ಮೂತ್ರದಲ್ಲಿ ಹರಳಾಗದಂತೆ ತಡೆಯುವ ಸಿಟ್ರೇಟ್ ಅಂಶವನ್ನು ಇಳಿಸುವುದರಿಂದ ಕೆಲವರಲ್ಲಿ ಹರಳು ಕಟ್ಟುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ನೀರು ಕುಡಿಯಬೇಕೆಂದು ವೈದ್ಯರು ಹೇಳಿದ್ದರು, ನಾನು ಕುಡಿಯಲಿಲ್ಲ. ಹರಳು ತೆಗೆದ ವೈದ್ಯರು ಬಿಡುಗಡೆಯ ಪತ್ರದಲ್ಲಿ ಈ ಗುಳಿಗೆಯೇ ಕಾರಣವಿರಬಹುದೆಂದು ಬರೆದರು. ಆ ಸಾಲನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಫಿಟ್ಸ್ ಇಲ್ಲವೆಂದು ತೋರಿಸಲು ನಾನು ಮನೋವೈದ್ಯರಿಂದ ಪತ್ರ ತಂದು, ಕಟ್ಟಿದ ಹಣ ಮರಳಿ ಕೊಡಬೇಕೆಂದು ಅರ್ಜಿ ಹಾಕಿದೆ. ಆಗ ಎರಡನೆಯ ತಕರಾರು ಬಂತು: ಇದು ತೂಕ ಇಳಿಸುವ ಚಿಕಿತ್ಸೆ, ಬೊಜ್ಜಿನ ಚಿಕಿತ್ಸೆಗೆ ಪಾಲಿಸಿಯಲ್ಲಿ ಅವಕಾಶವಿಲ್ಲ. ಟೋಪಿರಮೇಟನ್ನು ಇನ್ನೊಂದು ಔಷಧದೊಂದಿಗೆ ಬೆರೆಸಿದ ಗುಳಿಗೆಗೆ ಅಮೆರಿಕದಲ್ಲಿ 2012ರಲ್ಲಿ ಬೊಜ್ಜಿಗೆಂದೇ ಅನುಮತಿ ಸಿಕ್ಕಿರುವುದರಿಂದ ಅವರ ಸಂಶಯಕ್ಕೆ ಬುಡವೇ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟ ಆ ಷರತ್ತನ್ನು ನಾನು ತೆಗೆದು ಓದಿದೆ. ಅದು ಹೇಳುವುದು ಬೊಜ್ಜಿನ ಶಸ್ತ್ರಚಿಕಿತ್ಸೆಯ ಬಗ್ಗೆ. ಗುಳಿಗೆಯ ಮಾತೇ ಅಲ್ಲಿಲ್ಲ. ಇದನ್ನು ಬರೆದು ಕಳಿಸಿದ ಮೇಲೆ ಮೂರನೆಯ ತಕರಾರು: ಇದು ಸಾಬೀತಾಗದ ಚಿಕಿತ್ಸೆ. ಪ್ರಾಧಿಕಾರದ ಅದೇ ಷರತ್ತುಗಳ ಪಟ್ಟಿಯಲ್ಲಿ ಸಾಬೀತಾಗದ ಚಿಕಿತ್ಸೆಯೆಂದರೆ ಅದರ ಪರಿಣಾಮವನ್ನು ಬೆಂಬಲಿಸುವ ಗಣನೀಯ ವೈದ್ಯಕೀಯ ದಾಖಲೆ ಇಲ್ಲದಿರುವುದು ಎಂದು ಅರ್ಥ ಕೊಟ್ಟಿದ್ದಾರೆ. ದಾಖಲೆ ಇಲ್ಲದಿರುವುದು ಬೇರೆ, ಲೇಬಲ್ಲಿನಲ್ಲಿ ಹೆಸರು ಇಲ್ಲದಿರುವುದು ಬೇರೆ. ಹಾಗೆ ನೋಡಿದರೆ ನಾನು ಕೇಳಿದ್ದು ಹರಳಿನ ಖರ್ಚು. ಇಷ್ಟು ಹೊತ್ತಿಗೆ ಆ ಹರಳನ್ನು ಅವರೂ ಮರೆತಿದ್ದರು, ನಾನೂ ಮರೆತಿದ್ದೆ.

ಈಗ ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಮಿನ 4ನೆಯ ಉಪಕಲಮು, ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಇದೆಯೋ ಅದೇ ಆಧಾರದ ಮೇಲೆ ಮನಸ್ಸಿನ ಕಾಯಿಲೆಗೂ ಪ್ರತಿಯೊಬ್ಬ ವಿಮೆಗಾರನು ವಿಮೆ ಒದಗಿಸಬೇಕೆಂದು ಹೇಳುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಆಗಸ್ಟ್‌ನಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು, 2021ರಲ್ಲಿ ದೆಹಲಿ ಹೈಕೋರ್ಟ್ ಇದನ್ನು ಕಡ್ಡಾಯವೆಂದು ಎತ್ತಿಹಿಡಿಯಿತು, ಮತ್ತೆ 2022ರಲ್ಲಿ ಪ್ರಾಧಿಕಾರ ಅಕ್ಟೋಬರ್ 31ರ ಗಡುವು ಕೊಡಬೇಕಾಯಿತು. ಒಂದೇ ವಾಕ್ಯವನ್ನು ಇಷ್ಟು ಸಲ ಹೇಳಿಸಿಕೊಂಡವರ ಕಿವಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಆದರೆ ಕಂಪನಿಗಳ ಬಳಿ ಇದಕ್ಕೊಂದು ಜಾಣ ಉತ್ತರವಿದೆ. ಜ್ವರಕ್ಕೆ ಮನೆಯಲ್ಲಿ ನುಂಗುವ ಗುಳಿಗೆಗೂ ನಾವು ದುಡ್ಡು ಕೊಡುವುದಿಲ್ಲ, ನಿಮ್ಮ ಮನಸ್ಸಿನ ಗುಳಿಗೆಗೂ ಕೊಡುವುದಿಲ್ಲ, 24 ತಾಸು ಆಸ್ಪತ್ರೆಯಲ್ಲಿ ಮಲಗಿದರೆ ಎರಡಕ್ಕೂ ಕೊಡುತ್ತೇವೆ, ಇದಕ್ಕಿಂತ ಸಮಾನತೆ ಬೇಕೇ ಎಂದು ಕೇಳುತ್ತಾರೆ. ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ನನ್ನ ಕಾಯಿಲೆಯಲ್ಲಿ ಮಲಗುವುದು ಎಂಬುದೇ ಇಲ್ಲ. ನಾನು ಇಪ್ಪತ್ತು ವರ್ಷ ಒಂದು ದಿನವೂ ಕೆಲಸ ತಪ್ಪಿಸದೆ ಕಾಯಿಲೆಯಲ್ಲಿದ್ದೆ. ಇದರ ಚಿಕಿತ್ಸೆಯೆಲ್ಲ ನಡೆಯುವುದು ವೈದ್ಯರ ಮುಂದಿನ ಕುರ್ಚಿಯಲ್ಲಿ ಮತ್ತು ಮನೆಯ ಗುಳಿಗೆ ಡಬ್ಬಿಯಲ್ಲಿ. ಹಾಸಿಗೆಯ ಲೆಕ್ಕದಲ್ಲಿ ಅಳೆಯುವ ಸಮಾನತೆ ಇಂಥ ಕಾಯಿಲೆಗೆ ಸೊನ್ನೆಯನ್ನೇ ಕೊಡುತ್ತದೆ.

ಅಲ್ಲದೆ ದೇಹದ ವಿಷಯದಲ್ಲಿ ಈ ಹಾಸಿಗೆಯ ನಿಯಮವನ್ನು ಅವರು ಯಾವಾಗಲೋ ಸಡಿಲಿಸಿದ್ದಾರೆ. ನನ್ನ ಅಜ್ಜನಿಗೆ ಕಣ್ಣಿನ ಪೊರೆ ತೆಗೆದಾಗ ದಿನಗಟ್ಟಲೆ ಅಲುಗಾಡದೆ ಮಲಗಿಸಿದ್ದರು. ಈಗ ಬೆಳಗ್ಗೆ ಹೋದವರು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾರೆ, ವಿಮೆ ಹಣ ಕೊಡುತ್ತದೆ. ಡಯಾಲಿಸಿಸ್‌ಗೆ ಕೊಡುತ್ತದೆ. 2019ರಲ್ಲಿ ಪ್ರಾಧಿಕಾರ ಹೊರಗಿಡಬಾರದೆಂದು ಪಟ್ಟಿ ಮಾಡಿದ ಆಧುನಿಕ ಚಿಕಿತ್ಸೆಗಳಲ್ಲಿ ಕ್ಯಾನ್ಸರಿಗೆ ಬಾಯಿಯಿಂದ ನುಂಗುವ ಕೀಮೋಥೆರಪಿ ಕೂಡ ಇದೆ. ಅದೂ ಗುಳಿಗೆಯೇ ಅಲ್ಲವೇ? ವೈದ್ಯವಿಜ್ಞಾನ ಹಾಸಿಗೆಯಿಂದ ಎದ್ದು ಬಂದಾಗಲೆಲ್ಲ ನಿಯಮವೂ ಅದರ ಹಿಂದೆ ಬಂದಿದೆ. ಮನಸ್ಸಿನ ವಿಷಯದಲ್ಲಿ ಮಾತ್ರ ಅದು ಹಳೆಯ ಕಾಲದ ಧಾರವಾಡದ ಹುಚ್ಚಾಸ್ಪತ್ರೆಯ ಬಾಗಿಲಲ್ಲೇ ನಿಂತಿದೆ, ಒಳಗೆ ಹಾಕಿದರೆ ಕಾಯಿಲೆ, ಹೊರಗಿದ್ದರೆ ಚಾಳಿ ಎಂಬಂತೆ.

ಎದುರು ಮಾತನ್ನೂ ಹೇಳಬೇಕು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ಈ ಕಾಯಿಲೆಗೆ ಔಷಧವೊಂದನ್ನೇ ಚಿಕಿತ್ಸೆಯಾಗಿ ಕೊಡಬಾರದೆಂದು 2017ರಲ್ಲಿ ಹೇಳಿದೆ. ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ ಅಲ್ಲಿ ಮೊದಲ ಮಣೆ. ನಾನು ಒಪ್ಪುತ್ತೇನೆ, ನನಗೂ ಅದರಿಂದ ಬಹಳ ಉಪಯೋಗವಾಗಿದೆ. ಆದರೆ ಬಾಗಲಕೋಟೆಯಿಂದ ಅದಕ್ಕಾಗಿ ನಾನು ಹದಿನೈದು ದಿನಕ್ಕೊಮ್ಮೆ ಬೆಳಗಾವಿಯ ಬಸ್ಸು ಹತ್ತಬೇಕು, ರಜೆ ಹಾಕಬೇಕು, ಶುಲ್ಕ ಕೊಡಬೇಕು, ಮತ್ತು ಅದಕ್ಕೂ ವಿಮೆಯಿಲ್ಲ, ಅಲ್ಲಿಯೂ ಯಾರೂ ಮಲಗುವುದಿಲ್ಲವಲ್ಲ. ಔಷಧ ಎರಡನೆಯ ಆಯ್ಕೆಯೆಂದು ನಿರಾಕರಿಸುವವರು ಮೊದಲನೆಯ ಆಯ್ಕೆಗಾದರೂ ಹಣ ಕೊಡುತ್ತಿದ್ದರೆ ನಾನು ಈ ಬರಹವನ್ನೇ ಬರೆಯುತ್ತಿರಲಿಲ್ಲ.

ಅಮೆರಿಕದಲ್ಲಿ ಈ ಕಾಯಿಲೆಗೆಂದೇ ಲಿಸ್‌ಡೆಕ್ಸ್‌ಆಂಫೆಟಮೈನ್ ಎಂಬ ಔಷಧಕ್ಕೆ 2015ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಅದು ಉತ್ತೇಜಕ ಔಷಧವಾದ್ದರಿಂದ ಹೃದಯದ ತೊಂದರೆ ಇರುವವರಿಗೂ ವ್ಯಸನದ ಚರಿತ್ರೆ ಇರುವವರಿಗೂ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಹೀಗಾಗಿ ಅಲ್ಲಿಯೂ ಟೋಪಿರಮೇಟ್‌ನಂಥ ಔಷಧಗಳನ್ನು ಬರೆಯುತ್ತಾರೆ, ಅಲ್ಲಿಯೂ ವಿಮಾ ಕಂಪನಿಗಳೊಡನೆ ಜಗಳವಿದೆ. ಆದರೆ ಅಲ್ಲಿಯ ಹಿರಿಯ ನಾಗರಿಕರ ಸರ್ಕಾರಿ ಔಷಧ ವಿಮೆಯಲ್ಲಿ ಒಂದು ಅಳತೆಗೋಲಿದೆ: ಲೇಬಲ್ಲಿನಲ್ಲಿ ಕಾಯಿಲೆಯ ಹೆಸರು ಇರದಿದ್ದರೂ, ಔಷಧಗಳ ಬಗೆಗಿನ ಗೊತ್ತುಪಡಿಸಿದ ಆಕರಗ್ರಂಥಗಳಲ್ಲಿ ಆ ಬಳಕೆಗೆ ಬೆಂಬಲವಿದ್ದರೆ ಅದನ್ನು ಒಪ್ಪಬಹುದು. ನಮ್ಮಲ್ಲಿಯೂ ಬೇಕಾದದ್ದು ಇಂಥದೊಂದು. ಯಾವ ಗುಳಿಗೆ ಯಾವ ಕಾಯಿಲೆಗೆ ಸಲ್ಲುತ್ತದೆಂಬುದನ್ನು ಕ್ಲೇಮು ನೋಡುವವರ ಊಹೆಗೆ ಬಿಡುವ ಬದಲು ಮನೋವೈದ್ಯರು ಕೂಡಿ ಒಂದು ಪಟ್ಟಿ ಮಾಡಲಿ, ಪ್ರಾಧಿಕಾರ ಅದಕ್ಕೆ ಮುದ್ರೆ ಒತ್ತಲಿ, ಹೊರರೋಗಿ ಚಿಕಿತ್ಸೆಗೆ ವರ್ಷಕ್ಕಿಷ್ಟು ಎಂಬ ಮಿತಿಯಿಟ್ಟಾದರೂ ಮಾನಸಿಕ ಕಾಯಿಲೆಯ ಔಷಧಕ್ಕೂ ಸಿಬಿಟಿಗೂ ಹಣ ಕೊಡಲಿ.

ನನ್ನಂತೆ ಸಿಕ್ಕಿಕೊಂಡವರಿಗೆ ಎರಡು ಮಾತು. ಪ್ರತಿ ಚೀಟಿಯ ಮೇಲೂ ಕಾಯಿಲೆಯ ಹೆಸರನ್ನು ವೈದ್ಯರಿಂದ ಬರೆಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಇದಕ್ಕೆ 6ಬಿ82 ಎಂಬ ಸ್ವಂತ ಸಂಖ್ಯೆಯಿದೆ, ಹಳೆಯ ಪಟ್ಟಿಯಲ್ಲಿ ಇರಲಿಲ್ಲ. ಇನ್ನೊಂದು, 2024ರ ನಿಯಮಗಳ ಪ್ರಕಾರ ಪಾಲಿಸಿ ಸತತವಾಗಿ 60 ತಿಂಗಳು ನಡೆದಿದ್ದರೆ, ವಂಚನೆಯನ್ನು ಸಾಬೀತುಪಡಿಸದ ಹೊರತು, ಕಾಯಿಲೆ ಮುಚ್ಚಿಟ್ಟಿರಿ ಎಂದು ಕ್ಲೇಮು ತಿರಸ್ಕರಿಸುವಂತಿಲ್ಲ. ಇದು ನನಗೆ ಮೊದಲೇ ಗೊತ್ತಿದ್ದರೆ ಫಿಟ್ಸಿನ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡುತ್ತಿದ್ದೆ.

ಕಂಪನಿಯ ದೂರು ವಿಭಾಗಕ್ಕೆ ಕಲಮು ಸಮೇತ ಬರೆದ ಮೇಲೆ, ಐದನೆಯ ತಿಂಗಳಲ್ಲಿ ಹರಳಿನ ಹಣ ಬಂತು. ಆಸ್ಪತ್ರೆ ಸೇರುವ ಮುಂಚಿನ 30 ದಿನಗಳ ಔಷಧದ ಬಿಲ್ಲುಗಳಲ್ಲಿ ಟೋಪಿರಮೇಟಿನ 1,140 ರೂಪಾಯಿಯನ್ನು ಮಾತ್ರ ಕಡಿತ ಮಾಡಿದ್ದರು. ಪಕ್ಕದ ಅಂಕಣದಲ್ಲಿ ಕಾರಣ ಬರೆದಿತ್ತು: ದಾಖಲಾದ ಕಾಯಿಲೆಗೂ ಈ ಔಷಧಕ್ಕೂ ಸಂಬಂಧವಿಲ್ಲ. ಆ ಗುಳಿಗೆಯಿಂದಲೇ ಹರಳಾಗಿರಬಹುದೆಂದು ವೈದ್ಯರು ಬರೆದ ಪತ್ರ ಅದೇ ಕಡತದಲ್ಲಿ, ಎರಡು ಹಾಳೆ ಕೆಳಗೆ ಇತ್ತು.

ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ಕೊಡಬೇಕು ಅಷ್ಟೆ. "ಸಾವಿರ ರೂಪಾಯಿಗೆ ಎಷ್ಟಂತ ಬರೀತೀರಿ?" ಎಂದು ಹೆಂಡತಿ ಕೇಳುತ್ತಾಳೆ. ನಿನ್ನೆ ರಾತ್ರಿ ಕುಳಿತು ಮೂರು ಪುಟ ಬರೆದಿದ್ದೇನೆ. ಇನ್ನೂ ಒಂದು ಪುಟವಾಗುತ್ತದೆ.