ಟೊಳ್ಳು ಸಾರ್!

ಸ್ನಾನದ ಮನೆಯಲ್ಲಿ ಒಂದು ಟೈಲ್ ಬಿತ್ತು. ಒಂದೇ ಒಂದು. ಅದೂ ನಾನು ಮುಖಕ್ಕೆಲ್ಲ ಸೋಪು ಹಚ್ಚಿ ಕಣ್ಣು ಮುಚ್ಚಿದ್ದಾಗ. ಕುವೆಂಪುನಗರದ ಹಳೇ ಮನೆ, ಬೀಳದೆ ಇನ್ನೇನು? ಎರಡು ದಿನದ ಕೆಲಸ ಅಂದುಕೊಂಡೆ. ಇವತ್ತಿಗೆ 19 ದಿನ. ಬಕೆಟ್ಟು, ಟವೆಲ್ಲು ಹಿಡಿದು ಪಕ್ಕದ ಮನೆಗೆ ನಮ್ಮ ಮೆರವಣಿಗೆ ಇನ್ನೂ ನಡೆದಿದೆ.

ಬಂದ ಮೇಸ್ತ್ರಿ ಬಿದ್ದ ಟೈಲ್ ಕಡೆ ತಿರುಗಿಯೂ ನೋಡಲಿಲ್ಲ. "ಐದು ರೂಪಾಯಿ ಇದ್ಯಾ ಸಾರ್? ಹಳೇದು, ದಪ್ಪದ್ದು." ಕೊಟ್ಟೆ. ಆ ನಾಣ್ಯದಲ್ಲಿ ಗೋಡೆಗೆ ಟಕ್ ಟಕ್ ಅಂತ ಬಡಿದು, ಕಿವಿ ಹಚ್ಚಿ, ಕಣ್ಣು ಮುಚ್ಚಿದರು. ದೇವರಾಜ ಮಾರುಕಟ್ಟೆಯಲ್ಲಿ ನಮ್ಮತ್ತೆ ತೆಂಗಿನಕಾಯಿ ಆರಿಸುವಾಗಲೂ ಇಷ್ಟು ಹೊತ್ತು ಹಿಡಿಯುವುದಿಲ್ಲ. ಕೊನೆಗೆ ತೀರ್ಪು ಬಂತು: "ಟೊಳ್ಳು ಸಾರ್." ಸೀಮೆಸುಣ್ಣದಲ್ಲಿ ಒಂದು ಸುತ್ತು. ಮತ್ತೆ ಟಕ್ ಟಕ್. "ಇದೂ." ಇನ್ನೊಂದು ಸುತ್ತು. ಸಂಜೆಯ ಹೊತ್ತಿಗೆ ಗೋಡೆ ತುಂಬ ರಂಗೋಲಿ. ನಾಣ್ಯ ಅವರ ಜೇಬಿಗೆ. ಮಾರನೇ ದಿನ ಮತ್ತೆ, "ಐದು ರೂಪಾಯಿ ಇದ್ಯಾ ಸಾರ್?" ಈ ಖರ್ಚು ಎಸ್ಟಿಮೇಟಿನಲ್ಲಿ ಇರಲಿಲ್ಲ.

ಟೈಲೆಲ್ಲ ಕಿತ್ತಾಯಿತು. ಹಿಂದಿನ ಗಾರೆಯೂ ಟೊಳ್ಳಂತೆ. ಮೇಲೆ ನೀರಿನ ಟ್ಯಾಂಕ್ ಇದೆ ಅಂತ ಅಪ್ಪ ಆ ಗೋಡೆಯನ್ನು ಕಾಂಕ್ರೀಟಿನಲ್ಲೇ ಹಾಕಿಸಿದ್ದರು. "ನುಣ್ಣಗಿರೋ ಕಾಂಕ್ರೀಟಿಗೆ ಕಚ್ಚು ಹೊಡೀದೆ ಗಾರೆ ಮೆತ್ತಿದ್ದಾರೆ. ಹಿಡಿತ ಎಲ್ಲಿಂದ ಬರ್ಬೇಕು? ಯಾರ್ ಸಾರ್ ನಿಂತು ಕೆಲ್ಸ ಮಾಡ್ಸಿದ್ದು?"

ನಾನು ಬಾಯಿ ಬಿಡಲಿಲ್ಲ. ಆಫೀಸಿಗೆ ಹೊರಡುವ ಮುಂಚೆ ಅಪ್ಪ ಲುಂಗಿ ಎತ್ತಿ ಕಟ್ಟಿ ದಿನಾ ಗೋಡೆಗೆ ನೀರು ಹಾಕುತ್ತಿದ್ದರು. ಪೈಪು ಎಳೆಯೋದು ನನ್ನ ಕೆಲಸ. ಗೋಡೆಗಿಂತ ನಾನೇ ಜಾಸ್ತಿ ನೆನೆಯುತ್ತಿದ್ದೆ. ಬೈಯದೆ ನಗುತ್ತಿದ್ದರು.

ಆಮೇಲೆ ಮೂಲೆಯ ಬಿರುಕು. ಒಡೆದು ನೋಡಿದರೆ ಒಳಗಿನ ಕಂಬಿಗೆ ತುಕ್ಕು. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ತಡೆಯುವ ಬಣ್ಣ ಬಳಿದು, ಮುಚ್ಚಿ, ಗೋಡೆಗೆಲ್ಲ ಕಚ್ಚು ಹೊಡೆದು ಹೊಸ ಗಾರೆ ಮಾಡಿದ್ದಾಯಿತು. ಅದಕ್ಕೆ 7 ದಿನ ನೀರು. ನಡುವೆ ಆಷಾಢ ಶುಕ್ರವಾರ ಬಂತು, ಮೇಸ್ತ್ರಿ ಬೆಟ್ಟಕ್ಕೆ ಹೋದರು. "ನಿಮ್ ಗೋಡೆ ವಿಷ್ಯನೂ ತಾಯಿ ಹತ್ರ ಹೇಳ್ಕೊಂಡೆ ಸಾರ್."

ಇವತ್ತು ಆರಡಿ ಪಟ್ಟಿ ಇಟ್ಟು ನೋಡಿದರು. ಎಲ್ಲೂ ಸಂದಿಲ್ಲ. "ನಾಳೆಯಿಂದ ಟೈಲ್" ಅನ್ನುತ್ತಾ ಹಾಲಿಗೆ ಬಂದವರು ಟೀವಿ ಹಿಂದಿನ ಗೋಡೆ ಮುಂದೆ ನಿಂತರು. ಕೈ ಮೆಲ್ಲಗೆ ಜೇಬಿಗೆ ಹೋಯಿತು. ಅಡುಗೆಮನೆಯಿಂದ ಓಡಿ ಬಂದ ನನ್ನ ಹೆಂಡತಿ ಲೋಟ ಚಾಚಿ ಅಡ್ಡ ನಿಂತಳು.

"ಅದು ಗಟ್ಟಿಯಾಗಿದೆ ಮೇಸ್ತ್ರಿ. ನೀವು ಕಾಫಿ ಕುಡೀರಿ."